ದಾನ ಮತ್ತು ಪಾಲನೆ: ಕನ್ನಡ ನಾಡಿನ ಶಾಸನಗಳಲ್ಲಿ ಲೋಕೋಪಕಾರದ ಏರ್ಪಾಡು

೧

ಕನ್ನಡ ನಾಡಿನಲ್ಲಿ ಈವರೆಗೆ ದೊರೆತಿರುವ ಶಿಲಾಶಾಸನಗಳಲ್ಲಿ ಬಹುಭಾಗವು ದಾನಶಾಸನಗಳೇ ಆಗಿವೆ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿ ಮೊದಲಾದುವನ್ನು ಬಿಟ್ಟರೆ ಉಳಿದುವು ಹೆಚ್ಚಾಗಿ ಒಂದು ದೇವಾಲಯಕ್ಕೋ ಬಸದಿಗೋ ಮಠಕ್ಕೋ ಕೆರೆಗೋ ಸತ್ರಕ್ಕೋ ಬಿಟ್ಟ ದತ್ತಿಯನ್ನು ಲೋಕಕ್ಕೆ ಸಾರುವುದಕ್ಕಾಗಿ ನಿಲ್ಲಿಸಿದ ಕಲ್ಲುಗಳು. ಆದರೆ ಅವನ್ನು ನಾವು ಓದುವ ಕ್ರಮ ಬೇರೆಯಾಗಿದೆ. ಚರಿತ್ರಕಾರನು ರಾಜರ ವಂಶಾವಳಿಯನ್ನೂ ತೇದಿಯನ್ನೂ ಅವುಗಳಿಂದ ಆರಿಸಿಕೊಳ್ಳುತ್ತಾನೆ. ಸಾಹಿತ್ಯಾಭ್ಯಾಸಿಯು ಪ್ರಶಸ್ತಿಭಾಗದ ವೃತ್ತಕಂದಗಳನ್ನು ಸವಿಯುತ್ತಾನೆ. ಭಾಷಾಶಾಸ್ತ್ರಜ್ಞನು ಪದರೂಪಗಳನ್ನು ಪಟ್ಟಿ ಮಾಡುತ್ತಾನೆ. ಇಷ್ಟೆಲ್ಲ ಆದಮೇಲೆ ಉಳಿಯುವ ಭಾಗ, ಎಂದರೆ ಯಾವ ಭೂಮಿ, ಯಾವ ಎಲ್ಲೆ, ದೀಪಕ್ಕೆ ಎಷ್ಟು ಎಣ್ಣೆ, ಯಾರಿಗೆ ಊಟ, ಎಲ್ಲವೂ ಯಾರ ವಶ ಎಂದು ಹೇಳುವ ಕೊನೆಯ ಗದ್ಯಭಾಗವು, ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಶಾಸನವನ್ನು ಬರೆಸಿದವರಿಗಾದರೋ ಮುಖ್ಯವಾಗಿದ್ದುದು ಈ ಕೊನೆಯ ಭಾಗವೇ.

ಇದಕ್ಕೆ ತಾಳಗುಂದದ ಸ್ತಂಭಶಾಸನಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಕ್ರಿಸ್ತಶಕ ಐದನೆಯ ಶತಮಾನದ ಈ ಸಂಸ್ಕೃತ ಶಾಸನವನ್ನು ಕದಂಬರ ಮೂಲವನ್ನು ತಿಳಿಸುವ ಆಧಾರವೆಂದೇ ಎಲ್ಲರೂ ಬಲ್ಲರು. ಮಯೂರಶರ್ಮನು ಕಂಚಿಯ ಘಟಿಕೆಗೆ ಹೋದುದು, ಅಲ್ಲಿ ನಡೆದ ಕಲಹ, ಅವನು ಕತ್ತಿ ಹಿಡಿದುದು, ಇವು ಪಾಠಪುಸ್ತಕಗಳಿಗೂ ಬಂದಿವೆ. ಕುಬ್ಜಕವಿಯ ಕಾವ್ಯಗುಣವನ್ನು ಕುರಿತು ಪಂಡಿತರು ಪ್ರಶಂಸೆಯ ಮಾತುಗಳನ್ನು ಬರೆದಿದ್ದಾರೆ. ಆದರೆ ಆ ಕಂಬವನ್ನು ನಿಲ್ಲಿಸಿದ ಉದ್ದೇಶವೇನೆಂದರೆ, ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ದೊಡ್ಡ ಕೆರೆಯನ್ನು ಮಾಡಿಸಿದನೆಂದು ತಿಳಿಸುವುದು. ವಂಶದ ಕಥೆಯೆಲ್ಲವೂ ಈ ಒಂದು ಕೆರೆಯ ಮಾತಿಗೆ ಪೀಠಿಕೆ. ನಾವು ಪೀಠಿಕೆಯನ್ನು ಕಂಠಪಾಠ ಮಾಡಿ ಕೆರೆಯನ್ನು ಮರೆತಿದ್ದೇವೆ.

ಈ ಲೇಖನದ ಉದ್ದೇಶ ಆ ಮರೆತ ಭಾಗವನ್ನು ಓದುವುದು. ಹಸಿದವರಿಗೆ ಅನ್ನ, ದಾರಿಹೋಕರಿಗೆ ನೀರು, ರೋಗಿಗಳಿಗೆ ಔಷಧ, ಮಕ್ಕಳಿಗೆ ವಿದ್ಯೆ, ಊರಿಗೆ ಕೆರೆ ಎಂಬ ಸ್ಥಳೀಯ ಉಪಕಾರಗಳನ್ನು ನಮ್ಮ ಹಿಂದಿನವರು ಯಾವ ಹಣದಿಂದ, ಯಾರ ಮೂಲಕ, ಎಷ್ಟು ಕಾಲ ನಡೆಯುವಂತೆ ಏರ್ಪಡಿಸಿದರೆಂಬುದನ್ನು ಕೆಲವು ಶಾಸನಗಳಿಂದ ವಿವರಿಸಲು ಯತ್ನಿಸಿದೆ. ಈ ಶಾಸನಗಳಿಂದ ತಿಳಿದುಬರುವ ಮುಖ್ಯ ಸಂಗತಿ ಒಂದೇ: ಅವರ ದೃಷ್ಟಿಯಲ್ಲಿ ಧರ್ಮವೆಂದರೆ ಕೊಟ್ಟ ವಸ್ತುವಲ್ಲ, ಕೊಟ್ಟುದನ್ನು ನಡೆಸಿಕೊಂಡು ಹೋಗುವ ಏರ್ಪಾಡು. ದಾನಕ್ಕಿಂತ ಪಾಲನೆ ದೊಡ್ಡದು.

೨

ಒಂದು ಪೂರ್ಣವಾದ ದಾನಶಾಸನವನ್ನು ತೆಗೆದುಕೊಂಡು ಅದರ ಅಂಗಗಳನ್ನು ಬಿಡಿಸಿ ನೋಡಿದರೆ ಅದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನು ಕಾಣಬಹುದು. ನಡೆಯಬೇಕಾದ ಕೆಲಸ ಯಾವುದು ಎಂಬುದು ಮೊದಲನೆಯದು. ಅದಕ್ಕೆ ಹಣವೋ ಧಾನ್ಯವೋ ಯಾವ ಮೂಲದಿಂದ ವರ್ಷವರ್ಷವೂ ಬರಬೇಕು ಎಂಬುದು ಎರಡನೆಯದು. ಆ ಮೂಲವನ್ನು ಯಾರ ಕೈಯಲ್ಲಿ ಒಪ್ಪಿಸಿದೆ ಎಂಬುದು ಮೂರನೆಯದು. ಅದನ್ನು ಕೆಡಿಸಿದವನ ಗತಿಯೇನು, ಕಾಪಾಡಿದವನ ಫಲವೇನು ಎಂಬುದು ನಾಲ್ಕನೆಯದು. ಇವುಗಳಿಗೆ ಸೇವೆ, ಮೂಲ, ವಶ, ರಕ್ಷೆ ಎಂದು ಹೆಸರಿಟ್ಟುಕೊಂಡರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಈ ನಾಲ್ಕರಲ್ಲಿ ದಾನಿಯ ಹೆಸರು ಬರುವುದು ಆರಂಭದಲ್ಲಿ ಮಾತ್ರ. ಒಮ್ಮೆ ಧಾರೆಯೆರೆದು ಕೊಟ್ಟಮೇಲೆ ಅವನು ಹಿಂದೆ ಸರಿಯುತ್ತಾನೆ. ಭೂಮಿಯ ಎಲ್ಲೆಯನ್ನು ಹಳ್ಳ, ಹುತ್ತ, ಮರ, ನೆಟ್ಟ ಕಲ್ಲು ಇವುಗಳಿಂದ ಗುರುತಿಸಿ, ಅಳೆದ ಕೋಲು ಯಾವುದೆಂದು ಕೂಡ ಹೇಳುವ ಶಾಸನಗಳುಂಟು. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆಗೆ ಮಿತಿಯಿಲ್ಲದ ಅದೇ ಕವಿ ದತ್ತಿಯ ಭಾಗಕ್ಕೆ ಬಂದೊಡನೆ ಮತ್ತರು, ಕಮ್ಮ, ಗದ್ಯಾಣ, ಹಾಗ, ಸೊಲ್ಲಗೆ ಎಂದು ಲೆಕ್ಕದ ಮಾತನ್ನಾಡುತ್ತಾನೆ. ಹೊಗಳಿಕೆಯಲ್ಲಿ ತಪ್ಪಿದರೆ ನಷ್ಟವಿಲ್ಲ. ಎಲ್ಲೆಯಲ್ಲಿ ತಪ್ಪಿದರೆ ಧರ್ಮವೇ ನಿಂತುಹೋಗುತ್ತದೆ ಎಂಬ ಎಚ್ಚರ ಅಲ್ಲಿ ಕಾಣುತ್ತದೆ.

೩

ಮೊದಲು ಸೇವೆಯ ವಿಚಾರ. ಜೈನಸಂಪ್ರದಾಯದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವುದು ಪ್ರಸಿದ್ಧವಾಗಿದೆ. ರನ್ನನ ಅಜಿತಪುರಾಣದಿಂದಲೂ ಲಕ್ಕುಂಡಿಯ ಕ್ರಿ.ಶ. ೧೦೦೭ರ ಶಾಸನದಿಂದಲೂ ನಮಗೆ ಪರಿಚಿತಳಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದನ್ನು ಸಾಹಿತ್ಯಚರಿತ್ರೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಅದನ್ನು ಕಾವ್ಯಾಭಿಮಾನವೆಂದಷ್ಟೇ ಎಣಿಸಿದರೆ ಸಾಲದು. ಅದು ಶಾಸ್ತ್ರದಾನವೆಂಬ ಗೊತ್ತಾದ ಸೇವೆ. ಅನ್ನಕ್ಕೂ ಔಷಧಕ್ಕೂ ಪುಸ್ತಕಕ್ಕೂ ಒಂದೇ ಪಂಕ್ತಿಯಲ್ಲಿ ಸ್ಥಾನವಿತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ನಾಲ್ಕೂ ಒಂದೇ ಕಡೆ ಸೇರಿದ್ದುದಕ್ಕೆ ದೊಡ್ಡ ನಿದರ್ಶನವು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ದೊರೆಯುತ್ತದೆ. ಅಲ್ಲಿಯ ದಕ್ಷಿಣಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರದು. ಕಳಚುರ್ಯ ಬಿಜ್ಜಳನ ಕಾಲದ, ಕ್ರಿ.ಶ. ೧೧೬೨ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಬಿ. ಎಲ್. ರೈಸರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ನೋಡಬಹುದು. ನಾಲ್ಕು ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮುಂತಾದ ದರ್ಶನಗಳು, ಪುರಾಣಗಳು, ಕಾವ್ಯನಾಟಕಗಳು ಅಲ್ಲಿ ವ್ಯಾಖ್ಯಾನವಾಗುತ್ತಿದ್ದುವೆಂದು ಅದು ಹೇಳುತ್ತದೆ. ಬೌದ್ಧ ಸಿದ್ಧಾಂತವೂ ಆ ಪಟ್ಟಿಯಲ್ಲಿ ಸೇರಿದೆ. ಸಾಮಾನ್ಯವಾಗಿ ಉದ್ಧರಿಸುವುದು ಈ ವಿದ್ಯೆಗಳ ಪಟ್ಟಿಯನ್ನೇ. ಆದರೆ ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನ ಹಾಕುವ ಸ್ಥಾನವೂ ಅದೇ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಮೊದಲಾದ ಕಲಾವಿದರೂ ನಾನಾ ದೇಶಗಳಿಂದ ಬಂದ ಭಿಕ್ಷುಕರೂ ಊಟ ಪಡೆಯುವ ಸ್ಥಾನವೂ ಅದೇ. ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೂ, ಸಕಲ ಪ್ರಾಣಿಗಳಿಗೆ ಅಭಯವನ್ನೀಯುವ ಸ್ಥಾನವೂ ಅದೇ ಎಂದು ಎಣಿಸಿಕೊಂಡು ಹೋಗುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ಶೈವಮಠವೊಂದರ ಈ ವರ್ಣನೆಯು ಜೈನರ ಚತುರ್ವಿಧದಾನಕ್ಕೆ ಒಂದೊಂದಾಗಿ ಸರಿಹೊಂದುತ್ತದೆ. ಮತಗಳ ನಡುವೆ ವಾದವೆಷ್ಟೇ ಇದ್ದರೂ ಊರಿಗೆ ಬೇಕಾದುದು ಏನೆಂಬ ವಿಷಯದಲ್ಲಿ ಅಭಿಪ್ರಾಯಭೇದ ಅಷ್ಟಾಗಿರಲಿಲ್ಲ. ಎರಡನೆಯದು, ವಿದ್ಯಾರ್ಥಿಯೂ ರೋಗಿಯೂ ಕುರುಡನೂ ಹಾಡುಗಾರನೂ ಒಂದೇ ಅಡಿಗೆಮನೆಯನ್ನು ಆಶ್ರಯಿಸಿದ್ದರು. ಇಂದು ನಾವು ಶಾಲೆ, ಆಸ್ಪತ್ರೆ, ಅನಾಥಾಲಯ, ಕಲಾಸಂಸ್ಥೆ ಎಂದು ವಿಂಗಡಿಸುವ ಕೆಲಸಗಳು ಅಂದು ಒಂದೇ ಕಣಜದಿಂದ ನಡೆಯುತ್ತಿದ್ದುವು.

ಆದರೆ ಶಾಸನವು ಸಂಕಲ್ಪದ ಪತ್ರವೇ ಹೊರತು ಖರ್ಚಿನ ಲೆಕ್ಕವಲ್ಲ ಎಂಬುದನ್ನೂ ಮರೆಯಬಾರದು. ಕೋಡಿಯ ಮಠದಲ್ಲಿ ದಿನಕ್ಕೆ ಎಷ್ಟು ಎಲೆ ಹಾಕುತ್ತಿದ್ದರು, ಎಷ್ಟು ಮಂದಿ ರೋಗಿಗಳು ಗುಣಹೊಂದಿದರು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಅದು ಹೇಳುವುದು ಏನು ನಡೆಯಬೇಕೆಂಬುದನ್ನು. ನಡೆಯಿತೇ ಎಂಬ ಪ್ರಶ್ನೆಗೆ ಉತ್ತರವನ್ನು ಮೂಲ ಮತ್ತು ವಶ ಎಂಬ ಅಂಗಗಳಲ್ಲಿಯೇ ಹುಡುಕಬೇಕು.

೪

ಮೂಲವೆಂದರೆ ಮೊದಲು ಭೂಮಿ. ಭೂಮಿಯನ್ನು ಬಿಡುವುದೆಂದರೆ ಎಲ್ಲ ಕಡೆಯೂ ಒಕ್ಕಲನ್ನು ಎಬ್ಬಿಸಿ ದೇವರಿಗೆ ಕೊಡುವುದೆಂದು ಅರ್ಥವಲ್ಲ. ಬಹಳ ಸಂದರ್ಭಗಳಲ್ಲಿ ಅರಸನಿಗೆ ಸಲ್ಲಬೇಕಾದ ತೆರಿಗೆಯು ಇನ್ನು ಮುಂದೆ ಧರ್ಮಕ್ಕೆ ಸಲ್ಲಲಿ ಎಂದು ತಿರುಗಿಸುವುದೇ ದಾನವಾಗಿತ್ತು. ಈ ಆದಾಯವನ್ನು ಸೇವೆಗಳಿಗೆ ಮೊದಲೇ ಪಾಲು ಮಾಡಿಡುವ ಪದ್ಧತಿಯೂ ಇತ್ತು. ನೆರೆಯ ಆಂಧ್ರದಲ್ಲಿ, ಗುಂಟೂರು ಜಿಲ್ಲೆಯ ಮಲ್ಕಾಪುರದ ಕ್ರಿ.ಶ. ೧೨೬೧ರ ಶಾಸನವು ದತ್ತಿಯ ಆದಾಯವನ್ನು ಮೂರು ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಪ್ರಸೂತಿಶಾಲೆ, ಆರೋಗ್ಯಶಾಲೆ, ಸತ್ರ ಇವುಗಳಿಗೆಂದು ಕಟ್ಟುಮಾಡುತ್ತದೆ. ಹೀಗೆ ಪಾಲು ಗೊತ್ತಾಗಿದ್ದರೆ ಒಂದು ಸೇವೆಯ ಹಣವನ್ನು ಇನ್ನೊಂದು ನುಂಗಲು ಅವಕಾಶ ಕಡಿಮೆ.

ಭೂಮಿಯೊಂದನ್ನೇ ನಂಬದೆ ಊರಿನ ಜೀವನಕ್ಕೆ ಧರ್ಮವನ್ನು ಜೋಡಿಸಿದ ರೀತಿಯನ್ನು ಸಾಲೊಟಗಿಯ ಶಾಸನದಲ್ಲಿ ನೋಡಬೇಕು. ಇದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಊರು. ಶಾಸನದ ಕಾಲ ಕ್ರಿ.ಶ. ೯೪೫, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆ. ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ವಾಸದ ಮನೆಗಳನ್ನೂ, ದೀಪದ ಖರ್ಚಿಗೆ ೧೨ ನಿವರ್ತನ ಭೂಮಿಯನ್ನೂ, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿಯನ್ನೂ ಗೊತ್ತುಮಾಡಿದರು. ಇಷ್ಟಕ್ಕೇ ಬಿಡದೆ ಆ ಊರಿನ ಬ್ರಾಹ್ಮಣರು ತಮ್ಮ ಮನೆಯಲ್ಲಿ ಮದುವೆಯಾದಾಗ ೫ ನಾಣ್ಯಗಳನ್ನೂ, ಉಪನಯನವಾದಾಗ ಅದರಲ್ಲಿ ಅರ್ಧವನ್ನೂ, ಚೌಲವಾದಾಗ ಇನ್ನೂ ಅರ್ಧವನ್ನೂ ಶಾಲೆಗೆ ಸಲ್ಲಿಸಬೇಕೆಂದು ವಿಧಿಸಿದರು. ಊರಿನಲ್ಲಿ ಊಟದ ಸಮಾರಂಭ ನಡೆದರೆ ಶಾಲೆಯವರಿಗೂ ಶಕ್ತಿಯಿದ್ದಷ್ಟು ಊಟವಿಕ್ಕಬೇಕೆಂಬ ಕಟ್ಟಳೆಯೂ ಉಂಟು.

ಈ ಏರ್ಪಾಡಿನ ಜಾಣ್ಮೆಯನ್ನು ವಿಚಾರಮಾಡಿ ನೋಡತಕ್ಕುದು. ಮಳೆ ತಪ್ಪಿದರೆ ಭೂಮಿಯ ಆದಾಯ ತಪ್ಪುತ್ತದೆ. ಆದರೆ ಊರಿನಲ್ಲಿ ಮದುವೆಗಳು ನಿಲ್ಲುವುದಿಲ್ಲ. ಕೊಡುವವನಿಗೆ ಸಂತೋಷವಿರುವ ದಿನದಲ್ಲಿಯೇ ಕೇಳುವುದರಿಂದ ಕೊಡುವುದು ಭಾರವೆನಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಂತ್ರಿಯು ಕಟ್ಟಿಸಿದ ಶಾಲೆಯು ಪ್ರತಿಯೊಂದು ಮನೆಯ ಶುಭಕಾರ್ಯದ ನೆನಪಿನಲ್ಲಿ ಸೇರಿ ಊರಿನವರ ಶಾಲೆಯಾಗುತ್ತದೆ.

ಮೂರನೆಯ ಮೂಲ ವ್ಯಾಪಾರ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕಸಂಘಗಳೂ, ಐವತ್ತೊಕ್ಕಲು ತೆಲ್ಲಿಗರಂತಹ ಕಸುಬಿನ ಸಂಘಗಳೂ ತಮ್ಮ ಮೇಲೆ ತಾವೇ ವಂತಿಗೆಯನ್ನು ಹಾಕಿಕೊಂಡುದು ಹಲವು ಶಾಸನಗಳಲ್ಲಿ ಕಂಡುಬರುತ್ತದೆ. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಲೆಕ್ಕ. ವ್ಯಾಪಾರ ಬೆಳೆದಂತೆ ಧರ್ಮದ ಆದಾಯವೂ ತಾನಾಗಿಯೇ ಬೆಳೆಯುವ ಉಪಾಯವಿದು. ನಾಲ್ಕನೆಯದು ನಿಧಿ. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಭಕ್ತರು ಕೆಲವು ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ನಿತ್ಯಾಭಿಷೇಕಕ್ಕೆ ಇಷ್ಟು ಹಾಲು ಒದಗಿಸಬೇಕೆಂದು ಗೊತ್ತುಮಾಡಿದ್ದಾರೆ. ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಬಳಸುವ ಈಚಿನ ದತ್ತಿನಿಧಿಯ ಕ್ರಮವು ನಮ್ಮಲ್ಲಿ ಹೊಸದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೫

ಇನ್ನು ವಶ. ದತ್ತಿಯನ್ನು ಒಬ್ಬ ಆಚಾರ್ಯನ ಕೈಗೆ ಒಪ್ಪಿಸುವುದು ಒಂದು ಕ್ರಮ. ಅಗ್ರಹಾರದ ಮಹಾಜನಗಳಿಗೋ, ಪಟ್ಟಣದ ನಕರಕ್ಕೋ, ಊರಿನ ಗಾವುಂಡರಿಗೂ ಒಕ್ಕಲುಗಳಿಗೂ ಒಪ್ಪಿಸುವುದು ಇನ್ನೊಂದು ಕ್ರಮ. ಅನೇಕ ಕಡೆ ಎರಡೂ ಕೂಡಿರುತ್ತವೆ. ಆಚಾರ್ಯನು ನಡೆಸತಕ್ಕವನು, ಊರವರು ನೋಡಿಕೊಳ್ಳತಕ್ಕವರು. ಅರಸನು ದೂರದ ರಾಜಧಾನಿಯಲ್ಲಿರುವವನು. ದೀಪವು ಇಂದು ಉರಿಯಿತೇ ಇಲ್ಲವೇ ಎಂಬುದನ್ನು ಕಣ್ಣಾರೆ ಕಾಣುವವರು ಊರವರೇ. ಕೆಲಸದ ವಿಂಗಡಣೆಯೂ ವಿವರವಾಗಿರುತ್ತಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ಕ್ರಿ.ಶ. ೧೦೫೮ರ ಶಾಸನದಲ್ಲಿ ೨೦೦ ಮಂದಿ ವೇದವಿದ್ಯಾರ್ಥಿಗಳ ಮಾತಿನೊಡನೆ ಪುಸ್ತಕಭಂಡಾರವನ್ನು ನೋಡಿಕೊಳ್ಳುವ ೬ ಮಂದಿ ಸರಸ್ವತೀಭಂಡಾರಿಗರ ಮಾತೂ ಬರುತ್ತದೆ. ಓದುವವರಿಗೆ ಮಾತ್ರವಲ್ಲದೆ ಓಲೆಗಳನ್ನು ಹುಳುವಿನಿಂದ ಕಾಯುವವರಿಗೂ ಜೀವಿತವನ್ನು ಕಲ್ಪಿಸಿದುದು ಪಾಲನೆಯ ದೃಷ್ಟಿಗೆ ಸಾಕ್ಷಿ.

ಈ ದೃಷ್ಟಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೆರೆಗಳ ವಿಷಯದಲ್ಲಿ. ಕಟ್ಟುವ ಕೆಲಸದ ಗಾತ್ರ ಸಣ್ಣದಲ್ಲ. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ಪ್ರತಿದಿನ ೧೦೦೦ ಕೂಲಿಗಳೂ ೧೦೦ ಬಂಡಿಗಳೂ ಎರಡು ವರ್ಷ ದುಡಿದುವೆಂದು ಕ್ರಿ.ಶ. ೧೩೬೯ರ ಶಾಸನ ತಿಳಿಸುತ್ತದೆ. ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ಹತ್ತಿರದಲ್ಲಿ ಕಲ್ಲಿನ ಗಣಿ, ನುರಿತ ಕೆಲಸಗಾರರು ಮುಂತಾಗಿ ಒಳ್ಳೆಯ ಕೆರೆಗೆ ಬೇಕಾದ ೧೨ ಅಂಗಗಳನ್ನೂ, ಕೆರೆಗೆ ಬರಬಹುದಾದ ೬ ದೋಷಗಳನ್ನೂ ಅದು ಎಣಿಸುತ್ತದೆ. ಆದರೆ ಕೆರೆಯನ್ನು ಕಟ್ಟುವುದು ಒಂದು ಸಲದ ಕೆಲಸ. ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು, ತೂಬನ್ನು ಸರಿಮಾಡುವುದು ವರ್ಷವರ್ಷದ ಕೆಲಸ. ಅದುಕಾರಣ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಒಡೆದುದನ್ನು ದುರಸ್ತಿ ಮಾಡಿದವನಿಗೆ, ಹಾಗೂ ಮುಂದೆ ನೋಡಿಕೊಳ್ಳುವವನಿಗೆ, ಆ ಕೆರೆಯ ನೀರಿನಿಂದ ಬೆಳೆಯುವ ಭೂಮಿಯಲ್ಲಿಯೇ ಒಂದಂಶವನ್ನು ಬಿಡುವುದು ಇವುಗಳ ತಿರುಳು. ಹೂಳು ಸಾಗಿಸುವ ಬಂಡಿಗೂ ಅದರ ಆಳಿಗೂ ಪ್ರತ್ಯೇಕವಾಗಿ ಭೂಮಿ ಬಿಟ್ಟುದುಂಟು. ಕೆರೆ ತುಂಬಿದರೆ ಪಾಲಕನ ಗದ್ದೆ ಬೆಳೆಯುತ್ತದೆ, ಕೆರೆ ಕೆಟ್ಟರೆ ಅವನ ಗದ್ದೆಯೂ ಒಣಗುತ್ತದೆ. ಕಾವಲುಗಾರನ ಲಾಭವನ್ನು ಕಾಯುವ ವಸ್ತುವಿನೊಡನೆ ಹೀಗೆ ಗಂಟುಹಾಕಿದಮೇಲೆ ಬೇರೊಬ್ಬ ಮೇಲ್ವಿಚಾರಕನ ಆವಶ್ಯಕತೆ ಅಷ್ಟಾಗಿ ಇರುವುದಿಲ್ಲ.

ವಶದ ವಿಷಯದಲ್ಲಿ ಇನ್ನೊಂದು ಅಪೂರ್ವ ನಿದರ್ಶನವು ಶ್ರವಣಬೆಳಗೊಳದ ಕ್ರಿ.ಶ. ೧೩೬೮ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ತೀರ್ಮಾನಿಸಿದನೆಂಬುದಕ್ಕಾಗಿ ಇದು ಪ್ರಸಿದ್ಧವಾಗಿದೆ. ಇದರ ಕೊನೆಯ ಭಾಗವನ್ನು ನೋಡಿದರೆ, ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ೨೦ ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಹಣವನ್ನು ವಿನಿಯೋಗಿಸುವ ಹೊಣೆಯನ್ನು ಒಪ್ಪಿಸಿದುದು ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವನಿಗೆ. ಜೈನರ ಹಣ, ಜೈನರ ಬಸದಿ, ವೈಷ್ಣವನ ಪಾಲನೆ. ಕೇವಲ ಬಾಯಿಮಾತಿನ ರಾಜಿಗಿಂತ ಈ ಹೊಣೆಗಾರಿಕೆಯೇ ಎರಡು ಪಂಗಡಗಳನ್ನು ಹೆಚ್ಚು ಬಿಗಿಯಾಗಿ ಕಟ್ಟಿತೆಂದು ಹೇಳಬಹುದು.

ರಕ್ಷೆಯೆಂಬ ನಾಲ್ಕನೆಯ ಅಂಗವು ಶಾಪಾಶಯದ ಶ್ಲೋಕಗಳಲ್ಲಿದೆ. ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿರುವನೆಂಬ ಭಾವವೂ, ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಭಾವವೂ ಎಷ್ಟೋ ಕಲ್ಲುಗಳಲ್ಲಿ ಬಂದಿವೆ. ಇವನ್ನು ಕೇವಲ ಮೂಢಭಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಜೊತೆಯಲ್ಲಿಯೇ ಬರುವ ಇನ್ನೊಂದು ಶ್ಲೋಕದ ತಾತ್ಪರ್ಯವು ಹೆಚ್ಚು ಮುಖ್ಯವಾದುದು. ದಾನ ಪಾಲನೆಗಳೆರಡರಲ್ಲಿ ಪಾಲನೆಯೇ ಮೇಲು, ದಾನದಿಂದ ಸ್ವರ್ಗ ದೊರೆತರೆ ಪಾಲನೆಯಿಂದ ಅದಕ್ಕೂ ಮೇಲಾದ ಅಚ್ಯುತಪದವು ದೊರೆಯುವುದೆಂದು ಅದು ಹೇಳುತ್ತದೆ. ಇದು ದಾನಿಯನ್ನು ಉದ್ದೇಶಿಸಿದ ಮಾತಲ್ಲ. ಮುಂದೆ ಬರುವ ಅರಸರನ್ನೂ ಊರವರನ್ನೂ ಉದ್ದೇಶಿಸಿದ ಮಾತು. ಹೆಸರು ಬೇರೊಬ್ಬನದಾದ ಧರ್ಮವನ್ನು ನಡೆಸುವ ಉತ್ಸಾಹ ಮನುಷ್ಯನಿಗೆ ಸಹಜವಾಗಿ ಬಾರದೆಂಬುದನ್ನು ತಿಳಿದೇ ಅವನಿಗೆ ಹೆಚ್ಚಿನ ಫಲವನ್ನು ಹೇಳಿದೆ.

೬

ಹಿಂದಿನ ಕಾಲವನ್ನು ಚಿನ್ನದ ಕಾಲವೆಂದು ವರ್ಣಿಸುವುದು ಇಲ್ಲಿಯ ಉದ್ದೇಶವಲ್ಲ. ಸಾಲೊಟಗಿಯ ಶಾಲೆಯಂತಹ ವಿದ್ಯಾಸ್ಥಾನಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಅಗ್ರಹಾರಗಳಿಗೆ ಬಿಟ್ಟ ಊರುಗಳಲ್ಲಿ ದುಡಿಯುವ ಒಕ್ಕಲಿಗೆ ತೆರಿಗೆ ತೆರುವ ಕೈ ಬದಲಾಯಿತೇ ಹೊರತು ತೆರಿಗೆ ತಪ್ಪಲಿಲ್ಲ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಅವರ ಕಡೆಯ ಸಾಕ್ಷ್ಯವು ಬೇಕಾದರೆ ಶಾಸನವನ್ನು ಬಿಟ್ಟು ಜನಪದ ಕಥನಗೀತೆಗಳಿಗೆ ಹೋಗಬೇಕು. ನೀರು ಬಾರದ ಕೆರೆಗೆ ಮನೆಯ ಸೊಸೆಯನ್ನು ಬಲಿಗೊಡುವ 'ಕೆರೆಗೆ ಹಾರ'ದ ಕಥೆಯು ಊರಿನ ಹಿತಕ್ಕೆ ಬೆಲೆ ತೆತ್ತವರು ಯಾರೆಂಬ ಪ್ರಶ್ನೆಯನ್ನು ಯಾವ ಪ್ರಶಸ್ತಿಯೂ ಕೇಳದ ರೀತಿಯಲ್ಲಿ ಕೇಳುತ್ತದೆ. ಶಾಸನವನ್ನೂ ಜನಪದವನ್ನೂ ಜೊತೆಯಲ್ಲಿಟ್ಟು ಓದಿದಾಗಲೇ ಚಿತ್ರ ಪೂರ್ಣವಾಗುತ್ತದೆ.

೭

ಈ ಏರ್ಪಾಡು ಮುಂದೆ ಏನಾಯಿತು? ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ನಡೆದುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಸೇವೆ, ಮೂಲ, ವಶ, ರಕ್ಷೆ ಇವು ನಾಲ್ಕೂ ಒಂದರಿಂದೊಂದು ಬೇರೆಯಾದುವು. ಕಂದಾಯ, ನೀರಾವರಿ, ಮುಜರಾಯಿ ಎಂದು ಇಲಾಖೆಗಳು ಏರ್ಪಟ್ಟಂತೆ ಕೆರೆಯ ಹೊಣೆ ಒಂದು ಕಡೆ, ದತ್ತಿಯ ಲೆಕ್ಕ ಒಂದು ಕಡೆ ಆಯಿತು. ಊರವರನ್ನು ಮತ್ತೆ ಈ ಕೆಲಸಕ್ಕೆ ಎಳೆಯಬೇಕೆಂದು ಮೈಸೂರು ಸರ್ಕಾರದವರು ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನು ಮಾಡಿದರು. ಸ್ವಾತಂತ್ರ್ಯಾನಂತರ ೧೯೫೫ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದಿಯಾತಿಯ ಕಾಯಿದೆ ಬಂದಿತು. ಉಳುವವನಿಗೆ ನೆಲದ ಹಕ್ಕು ದೊರೆಯಬೇಕೆಂಬ ಅದರ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭೂಮಿಯ ಬದಲು ಸಂಸ್ಥೆಗಳಿಗೆ ಗೊತ್ತಾದ ತಸ್ತೀಕು ನಗದಿನ ರೂಪದ್ದು. ಭತ್ತದ ಬೆಲೆ ಏರಿದರೆ ಭೂಮಿಯ ಆದಾಯವೂ ಏರುತ್ತದೆ. ನಗದಿನ ಮೊತ್ತವಾದರೋ ಸರ್ಕಾರ ಮನಸ್ಸುಮಾಡಿ ಏರಿಸಿದಾಗ ಮಾತ್ರ ಏರುತ್ತದೆ. ಏಕೀಕರಣಾನಂತರ ಹಳೆಯ ಪ್ರಾಂತಗಳಲ್ಲಿ ಬೇರೆಬೇರೆಯಾಗಿದ್ದ ಕಾನೂನುಗಳಿಗೆ ಬದಲಾಗಿ ಇಡೀ ರಾಜ್ಯಕ್ಕೆ ಒಂದೇ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆಯನ್ನು ೧೯೯೭ರಲ್ಲಿ ಮಾಡಿ ೨೦೦೩ರಲ್ಲಿ ಜಾರಿಗೆ ತಂದರು.

ಆದರೆ ಈ ಪರಂಪರೆ ಸತ್ತಿತೆಂದು ತಿಳಿಯಬಾರದು. ಕಲ್ಲಿನಿಂದ ಹೊರಗೆ ಅದು ಬದುಕಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಎಷ್ಟೋ ಬಡವಿದ್ಯಾರ್ಥಿಗಳು ವಾರಾನ್ನದಿಂದ ಓದಿ ಮುಂದೆ ಬಂದರು. ದಿನಕ್ಕೊಂದು ಮನೆಯಂತೆ ಏಳು ಮನೆಗಳು ಒಬ್ಬ ಹುಡುಗನನ್ನು ಸಾಕುವ ಈ ಪದ್ಧತಿಗೆ ಮೂಲಧನವಿರಲಿಲ್ಲ, ದಾಖಲೆಯಿರಲಿಲ್ಲ. ಏಳು ಅಡಿಗೆಮನೆಗಳ ನಡುವೆ ಹಂಚಿದ ಹೊಣೆಯೊಂದೇ ಅದರ ಬಲ. ಸಿರಸಂಗಿಯ ಲಿಂಗರಾಜ ದೇಸಾಯರು (೧೮೬೧–೧೯೦೬) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಸಹಾಯಕ್ಕಾಗಿ ದತ್ತಿಯಾಗಿ ಬರೆದಿಟ್ಟುದು ಹಳೆಯ ದಾನಶಾಸನದ ಹೊಸ ರೂಪವೇ. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ, ೨೦೧೯ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳ ಅನ್ನ ವಸತಿ ವಿದ್ಯೆಗಳ ಏರ್ಪಾಡು ಬೆಳೆದು ನಿಂತುದಕ್ಕೆ ಸುತ್ತಣ ರೈತರು ಸುಗ್ಗಿಯ ಕಾಲದಲ್ಲಿ ತಂದೊಪ್ಪಿಸುವ ಧಾನ್ಯವೂ ಒಂದು ಕಾರಣ. ಇದು ಸಾಲೊಟಗಿಯ ಮದುವೆಯ ಕಾಣಿಕೆಯ ಜಾತಿಗೆ ಸೇರಿದ ಮೂಲ.

ಇಂದಿನ ಸ್ಥಿತಿಯನ್ನು ಈ ಅಳತೆಗೋಲಿನಿಂದ ನೋಡಿದರೆ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ. ೨೦೧೩ರ ಕಂಪನಿಗಳ ಕಾಯಿದೆಯಂತೆ, ಗೊತ್ತಾದ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಣ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚುಮಾಡತಕ್ಕುದು. ಹೇರಿಗೆ ಇಷ್ಟೆಂದು ಕೊಟ್ಟ ವರ್ತಕಸಂಘಗಳ ವಂತಿಗೆಯೇ ದೊಡ್ಡ ಪ್ರಮಾಣದಲ್ಲಿ ಮರಳಿ ಬಂದಂತಾಯಿತು. ಆದರೆ ಈ ಹಣ ಹೆಚ್ಚಾಗಿ ಒಂದು ಯೋಜನೆಗೆ, ಒಂದೆರಡು ವರ್ಷಕ್ಕೆ ಬರುವಂತಹುದು. ಕಟ್ಟಡ ಏಳುತ್ತದೆ, ಫಲಕ ನಿಲ್ಲುತ್ತದೆ. ಹತ್ತು ವರ್ಷಗಳ ಮೇಲೆ ಅದರ ಸೂರಿಗೆ ಹೆಂಚು ಹೊದಿಸುವವರು ಯಾರೆಂಬುದು ಫಲಕದಲ್ಲಿರುವುದಿಲ್ಲ. ೨೦೦೨ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಕೆರೆಗಳ ಯೋಜನೆಯು ಕೆರೆ ಬಳಕೆದಾರರ ಸಂಘಗಳನ್ನು ಏರ್ಪಡಿಸಿ ವಶದ ಪ್ರಶ್ನೆಗೆ ಉತ್ತರ ಕೊಡಲು ಯತ್ನಿಸಿತು. ಅದು ಸರಿಯಾದ ದಾರಿಯೇ. ಆದರೆ ಯೋಜನೆಯ ಹಣ ಮುಗಿದಮೇಲೆ ಹೂಳೆತ್ತುವ ಖರ್ಚು ಎಲ್ಲಿಂದ ಎಂಬ ಪ್ರಶ್ನೆಗೆ ಬಿತ್ತುವಟ್ಟ ಕೊಟ್ಟಂತಹ ಸ್ಥಿರವಾದ ಉತ್ತರವೂ ಜೊತೆಯಲ್ಲಿರಬೇಕಾಗುತ್ತದೆ.

೮

ಸಾಹಿತ್ಯದ ಅಧ್ಯಾಪಕರು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸಣ್ಣದಲ್ಲ. ಶಾಸನಗಳ ಆಯ್ದ ಭಾಗಗಳನ್ನು ಪಾಠಕ್ಕೆ ಸಂಗ್ರಹಿಸುವಾಗ ಪ್ರಶಸ್ತಿಯ ಪದ್ಯಗಳೊಡನೆ ದತ್ತಿಯ ಗದ್ಯವನ್ನೂ ಸೇರಿಸುವುದು ಮೊದಲನೆಯದು. ಹಳಗನ್ನಡ ಗದ್ಯದ ಖಚಿತತೆಗೆ ಅದಕ್ಕಿಂತ ಒಳ್ಳೆಯ ಮಾದರಿ ವಿರಳ. ಒಂದೊಂದು ಶಾಸನವನ್ನು ಓದಿದಾಗಲೂ ಸೇವೆ ಯಾವುದು, ಮೂಲ ಯಾವುದು, ವಶ ಯಾರದು, ರಕ್ಷೆ ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಕೇಳಿಸುವುದು ಎರಡನೆಯದು. ತಮ್ಮ ಊರಿನ ಶಾಸನದಲ್ಲಿ ಹೇಳಿದ ಕೆರೆ, ಕಟ್ಟೆ, ಹಳ್ಳ, ಎಲ್ಲೆಕಲ್ಲುಗಳನ್ನು ಸ್ಥಳದಲ್ಲಿ ಹುಡುಕಿಸಿ, ಮಾನ್ಯದ ಹೊಲ, ಸತ್ರದ ಬೀದಿ, ಅರವಟ್ಟಿಗೆಯ ಕಟ್ಟೆ ಎಂಬಂತಹ ಹೆಸರುಗಳನ್ನು ವೃದ್ಧರಿಂದ ಕೇಳಿ ಬರೆಯಿಸುವುದು ಮೂರನೆಯದು. ಈ ಹೆಸರುಗಳು ಒಂದು ತಲೆಮಾರಿನೊಡನೆ ಅಳಿದುಹೋಗುವಂತಹವು. ಅವು ಅಳಿದರೆ ಶಾಸನದ ಎಲ್ಲೆಗಳನ್ನು ನೆಲದ ಮೇಲೆ ಗುರುತಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಊರಿನ ಹಿತಕ್ಕಾಗಿ ಹೊಸದಾಗಿ ಏನನ್ನಾದರೂ ಸ್ಥಾಪಿಸಹೊರಟವರಿಗೂ ಈ ಕಲ್ಲುಗಳು ಹೇಳುವುದು ಇಷ್ಟೇ: ಕಟ್ಟುವ ಮೊದಲು ಕಾಯುವವನನ್ನು ಹುಡುಕು; ಅವನಿಗೆ ಅದರಲ್ಲಿಯೇ ಜೀವಿತವನ್ನು ಕಲ್ಪಿಸು; ಊರಿನ ಪ್ರತಿಯೊಂದು ಮನೆಯಿಂದಲೂ ಸ್ವಲ್ಪವಾದರೂ ಕೇಳು; ಎಲ್ಲವನ್ನೂ ಎಲ್ಲರೂ ಓದುವ ಸ್ಥಳದಲ್ಲಿ ಬರೆದು ನಿಲ್ಲಿಸು. ತಾಳಗುಂದದ ಕಂಬವು ಒಂದೂವರೆ ಸಾವಿರ ವರ್ಷಗಳಿಂದ ಒಂದು ಕೆರೆಯ ಮಾತನ್ನು ಹೇಳುತ್ತ ನಿಂತಿದೆ. ಅದರಂತಹ ಕಲ್ಲುಗಳು ಸಾರುವ ಧರ್ಮಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಅಳಿದಿವೆ, ಅಳಿದುದಕ್ಕೆ ಕಾರಣವೇನು ಎಂಬುದನ್ನು ಊರೂರಿಗೆ ಹೋಗಿ ವಿಚಾರಿಸಿ ಪಟ್ಟಿಮಾಡುವ ಕಾರ್ಯವನ್ನು ವಿದ್ವಾಂಸರು ಕೈಕೊಳ್ಳುವರೆಂದು ಹಾರೈಸುತ್ತೇವೆ.